ಅಂಗಡಿಯಲ್ಲಿ ನೇರಳೆ, ಫೋನಿನಲ್ಲಿ ನೀಲಿ: ವಾಪಸ್ ಬಂದ ಸೀರೆಗಳ ಒಂದು ಪ್ರಕರಣ

ಕೌಂಟರ್ ಮೇಲೆ ಒಂದು ಸೀರೆ, ಅದರ ಪಕ್ಕದಲ್ಲಿ ಒಂದು ಫೋನು. ಫೋನಿನಲ್ಲಿ ಅದೇ ಸೀರೆಯ ಫೋಟೋ. ಸೀರೆ ನೋಡಿದರೆ ಮಾಗಿದ ನೇರಳೆ ಹಣ್ಣಿನ ಬಣ್ಣ, ಫೋಟೋ ನೋಡಿದರೆ ಶಾಯಿ ನೀಲಿ. "ಈಗ ಹೇಳ್ರಿ, ಇದ್ರಾಗ ಸುಳ್ಳು ಹೇಳಾಕತ್ತಿದ್ದು ಯಾವ್ದು?" ಅಂತ ಅಂಗಡಿ ಯಜಮಾನರು ಕೇಳಿದರು. ನಾನು ಭಾರಿ ಧೈರ್ಯದಿಂದ "ಫೋನು" ಅಂದೆ. ಆ ಉತ್ತರ ಅರ್ಧ ಮಾತ್ರ ಸರಿ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಇದು ಉತ್ತರ ಕರ್ನಾಟಕದ ಒಂದು ಊರಿನ ಇಳಕಲ್ ಸೀರೆ ಅಂಗಡಿಯ ಕತೆ. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಆನ್‌ಲೈನಿನಲ್ಲಿ ಬಟ್ಟೆ, ಮಣಿಸರ, ಬಣ್ಣದ ಗೊಂಬೆ ಏನೇ ಮಾರುವವರಿಗೂ ಇದೇ ತಲೆನೋವು ಇರುತ್ತದೆ, ಅದಕ್ಕೇ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಪೂರ್ತಿ ಬರೆಯುತ್ತೇನೆ. ನಾನು ಮೂಲತಃ ಆಫ್‌ಸೆಟ್ ಪ್ರಿಂಟಿಂಗ್ ಲೈನಿನವನು. ಲಗ್ನಪತ್ರಿಕೆಯ ಕುಂಕುಮ ಕೆಂಪು ಸರಿ ಬರಲಿಲ್ಲ ಅಂತ ಬೈಸಿಕೊಂಡು ಕೆಲಸ ಕಲಿತವನು. ಬಣ್ಣ ನನಗೆ ಗೊತ್ತು ಅನ್ನೋ ಸಣ್ಣ ಅಹಂಕಾರ ಇತ್ತು.

ಅಂಗಡಿ ಮತ್ತು ನೋಟ್‌ಬುಕ್ಕು

ಅಂಗಡಿ ಹಳೇದು. ಯಜಮಾನರ ತಾಯಿ ಇನ್ನೂ ದಿನಾ ಬಂದು ಒಳಗಿನ ಗಾದಿ ಮೇಲೆ ಕೂರುತ್ತಾರೆ. ಸೊಸೆ ವಾಟ್ಸಾಪ್ ವ್ಯಾಪಾರ ನೋಡಿಕೊಳ್ಳುತ್ತಾರೆ. ಮೊದಲೆಲ್ಲ ಗಿರಾಕಿ ಅಂಗಡಿಗೇ ಬರುತ್ತಿದ್ದರು. ಬೆಂಗಳೂರು, ಪುಣೆ, ದುಬೈ ಕಡೆಯ ನಂಟರು ಫೋಟೋ ಕೇಳಲು ಶುರು ಮಾಡಿದ ಮೇಲೆ ವ್ಯಾಪಾರ ಜಾಸ್ತಿ ಆಯಿತು, ಜೊತೆಗೆ ವಾಪಸ್ ಬರುವ ಪಾರ್ಸೆಲ್ಲೂ. ಒಂದೇ ದೀಪಾವಳಿ ಸೀಸನ್ನಿನಲ್ಲಿ 11 ಸೀರೆ ತಿರುಗಿ ಬಂದವು. ನೇಯ್ಗೆ ಸರಿ ಇಲ್ಲ ಅಂತಲೋ ಹರಿದಿದೆ ಅಂತಲೋ ಅಲ್ಲ. ಎಲ್ಲದಕ್ಕೂ ಒಂದೇ ಕಾರಣ: ಫೋಟೋದ ಬಣ್ಣ ಬೇರೆ, ಬಂದ ಬಣ್ಣ ಬೇರೆ.

ಈ ಪ್ರಕರಣದಲ್ಲಿ ಯಾರಾದರೂ ಜಾಣತನ ತೋರಿಸಿದ್ದರೆ ಅದು ಸೊಸೆ. ವಾಪಸ್ ಬಂದ ಪ್ರತಿ ಸೀರೆಗೂ ಗಿರಾಕಿ ಏನು ಬಯ್ದರು ಅನ್ನೋದನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೊದಲ ದಿನ ಕ್ಯಾಮರಾ ಮುಟ್ಟದೆ ಆ ನೋಟ್‌ಬುಕ್ಕು ಓದುತ್ತಾ ಕೂತೆ. ದಾಳಿಂಬೆ ಕೆಂಪು "ಕಿತ್ತಳೆ ಅನ್ಕೊಂಡಿದ್ದೆ". ನೇರಳೆ "ನೀಲಿ ಅಂತ ತಗೊಂಡೆ". ರಾಮಾ ಹಸಿರು "ಫೋಟೋದಲ್ಲಿ ಆಕಾಶದ ಹಾಗಿತ್ತು". ಎರಡು ಕಡೆ "ನೀವೇ ಕಳಿಸಿದ ಬ್ಲೌಸ್ ಪೀಸ್ ಮ್ಯಾಚೇ ಆಗಲ್ಲ". ಹಳದಿ, ಬಿಳಿ, ಕಪ್ಪು ಸೀರೆಗಳ ಬಗ್ಗೆ ಒಂದೂ ದೂರಿಲ್ಲ.

ಅಲ್ಲೇ ಅರ್ಥವಾಗಬೇಕಿತ್ತು. ತೊಂದರೆ ಎಲ್ಲ ಬಣ್ಣಕ್ಕೂ ಇರಲಿಲ್ಲ, ಕೆಲವಕ್ಕೆ ಮಾತ್ರ ಇತ್ತು. ಒಂದು ಕಾಯಿಲೆ ಅಲ್ಲ, ಮೂರ್ನಾಲ್ಕು ಬೇರೆ ಬೇರೆ ಕಾಯಿಲೆ. ನಾನು ಮಾತ್ರ ಒಂದೇ ಗುಳಿಗೆ ಹುಡುಕುತ್ತಾ ಹೋದೆ.

ಹೊಸ ಫೋನು, ಹಳೇ ಗೋಳು

ನಾನು ಹೋಗುವ ಮುಂಚೆಯೇ ಅವರು ಒಂದು ದುಬಾರಿ ಫೋನು ತಗೊಂಡಿದ್ದರು. ಪರಿಸ್ಥಿತಿ ಇನ್ನೂ ಹದಗೆಟ್ಟಿತ್ತು. ಇವತ್ತಿನ ಫೋನುಗಳು ಕಂಡದ್ದನ್ನು ಹಾಗೇ ಇಡುವುದಿಲ್ಲ. ಇದು ಊಟ, ಇದು ಹೂವು, ಇದು ಆಕಾಶ ಅಂತ ಅವೇ ಗುರುತು ಹಿಡಿದು ಬಣ್ಣ ಏರಿಸುತ್ತವೆ. ಕೆಂಪು ಸೀರೆಯ ಮೇಲೆ ಬಿಳಿ ಬುಟ್ಟಾ ಕಂಡರೆ ಅದಕ್ಕೆ ಏನನ್ನಿಸುತ್ತೋ ಆ ದೇವರೇ ಬಲ್ಲ. ಆ ಮೋಡ್ ಆಫ್ ಮಾಡಿಸಿದ್ದು ನನ್ನ ಮೊದಲ ಕೆಲಸ. ಸ್ವಲ್ಪ ಅನುಕೂಲ ಆಯಿತು, ಸ್ವಲ್ಪ ಮಾತ್ರ.

ಆಮೇಲೆ ಅಂಗಡಿಯ ಬೆಳಕು ನೋಡಿದೆ. ಬಾಗಿಲಿಂದ ಹಗಲಿನ ಬೆಳಕು. ಮೇಲೆ ಬೆಳ್ಳಗಿನ ಎಲ್‌ಇಡಿ ಟ್ಯೂಬು. ಶೋಕೇಸಿನ ಮೇಲೆ ಹಳದಿ ಸ್ಪಾಟ್ ದೀಪ. ಗೋಡೆಗೆ ಗುಲಾಬಿ ಬಣ್ಣ. ಒಂದೇ ಸೀರೆ ಹರಡಿದರೆ ಸೆರಗು ಬಾಗಿಲ ಬೆಳಕಿನಲ್ಲಿ, ಒಡಲು ಟ್ಯೂಬಿನಡಿ, ಅಂಚು ಹಳದಿ ದೀಪದಲ್ಲಿ. ಅಲ್ಲೇ ನಿಂತ ನಮಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಅದು ಕಣ್ಣಿನ ದೊಡ್ಡ ಉಪಕಾರ, ಈ ಕೆಲಸದಲ್ಲಿ ದೊಡ್ಡ ಮೋಸವೂ ಅದೇ.

ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಮೇಣದ ಬತ್ತಿ ಸುಮಾರು 1900, ಹಳೇ ಬುರುಡೆ ಬಲ್ಬು 2700ರ ಆಸುಪಾಸು, ಮಧ್ಯಾಹ್ನದ ಬಿಸಿಲು 5500ರ ಹತ್ತಿರ, ನೀಲಿ ಆಕಾಶದ ಕೆಳಗಿನ ನೆರಳು 7000 ದಾಟುತ್ತದೆ. ಬುರುಡೆ ಬಲ್ಬಿನಡಿ ಒಂದು ಬಿಳಿ ಪಂಚೆ ಇಟ್ಟರೆ ಅದರಿಂದ ಕಣ್ಣಿಗೆ ಬರುವ ಬೆಳಕು ನಿಜಕ್ಕೂ ಕಿತ್ತಳೆ ಕಡೆಯದು. ಆದರೂ ನಮಗೆ ಪಂಚೆ ಬಿಳಿಯೇ. ಕಣ್ಣಿನ ಒಳಪರದೆ ರೆಟಿನಾದಲ್ಲಿ ಬಣ್ಣ ಹಿಡಿಯುವ ಮೂರು ಬಗೆಯ ಕೋನ್ ಕೋಶಗಳು ತಂತಮ್ಮ ಸೂಕ್ಷ್ಮತೆಯನ್ನು ಏರಿಸಿ ಇಳಿಸಿ ಹೊಂದಿಕೊಳ್ಳುತ್ತವೆ, ಮಿಕ್ಕಿದ್ದನ್ನು ಮಿದುಳು ಊಹೆಯ ಮೇಲೆ ಸರಿ ಮಾಡಿಕೊಳ್ಳುತ್ತದೆ. ಕ್ಯಾಮರಾ ಕೂಡ ಊಹೆ ಮಾಡುತ್ತದೆ. ಅದಕ್ಕೇ ಆಟೋ ವೈಟ್ ಬ್ಯಾಲೆನ್ಸ್ ಅನ್ನುವುದು. ಅದರ ಊಹೆ ತೀರಾ ಬಡಪಾಯಿಯದು.

ಇದನ್ನು ಸೊಸೆಗೆ ತೋರಿಸಿದ ರೀತಿ ಹೇಳುತ್ತೇನೆ, ನೀವೂ ಮನೆಯಲ್ಲೇ ಮಾಡಿ ನೋಡಬಹುದು. ಒಂದು ಕೆಂಪು ಸೀರೆ ಹರಡಿದೆವು. ಫೋನಿನ ಕ್ಯಾಮರಾ ತೆರೆದು ದೂರದಿಂದ ಹಿಡಿದೆವು. ಸುತ್ತಲಿನ ನೆಲ, ಗೋಡೆ, ಕಪಾಟು ಎಲ್ಲ ಕಾಣುವಾಗ ಕೆಂಪು ಚೆನ್ನಾಗೇ ಇತ್ತು. ಹಾಗೇ ನಿಧಾನಕ್ಕೆ ಹತ್ತಿರ ಹೋದೆವು. ತೆರೆಯ ತುಂಬ ಬರೀ ಕೆಂಪೇ ಆದಾಗ, ಒಂದೆರಡು ಸೆಕೆಂಡ್ ತಡೆದು, ಕಣ್ಣೆದುರೇ ಕೆಂಪು ಪೇಲವ ಆಯಿತು. ಸೀರೆಯೂ ಅಲುಗಿಲ್ಲ, ದೀಪವೂ ಬದಲಾಗಿಲ್ಲ. ಎಲ್ಲೆಲ್ಲೂ ಕೆಂಪೇ ಇದೆ ಅಂದರೆ ಬೆಳಕೇ ಕೆಂಪಗಿರಬೇಕು ಅಂತ ಕ್ಯಾಮರಾ ಅಂದಾಜು ಮಾಡಿ, ಎದುರು ಬಣ್ಣ ಬೆರೆಸಿ ಸರಿ ಮಾಡಿಬಿಟ್ಟಿತು. "ಅಯ್ಯೋ, ನಾನು ಕ್ಲೋಸಪ್ ಚಂದ ಬರ್ಲಿ ಅಂತ ಇಷ್ಟು ದಿನ ಹತ್ರಾನೇ ಹಿಡೀತಿದ್ದೆ" ಅಂದರು ಅವರು.

ಇನ್ನೊಂದು ಸಣ್ಣ ವಿಷಯ. ಹಸಿರು ಸೀರೆಗಳನ್ನು ಅವರು ಯಾವಾಗಲೂ ಒಂದು ಕೆಂಪು ಜಮಖಾನದ ಮೇಲೆ ಹಾಸಿ ಫೋಟೋ ತೆಗೆಯುತ್ತಿದ್ದರು. ಎದ್ದು ಕಾಣುತ್ತದೆ ಅಂತ. ನಿಜವಾಗಿಯೂ ಎದ್ದು ಕಾಣುತ್ತದೆ, ಅದೇ ತೊಂದರೆ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಗೆ 1824ರಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿ ಬಂದ ಮಿಶೆಲ್ ಶೆವ್ರಲ್‌ಗೆ ಇಂಥದೇ ದೂರು ಬಂದಿತ್ತು: ಕಪ್ಪು ನೂಲು ಸರಿ ಇಲ್ಲ, ಕಳೆ ಇಲ್ಲ. ಅವನು ರಸಾಯನಶಾಸ್ತ್ರದವನು, ಬಣ್ಣ ಪರೀಕ್ಷೆ ಮಾಡಿದರೆ ನೂಲಿನಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲು ಕಣ್ಣಿಗೆ ಆ ಕಪ್ಪನ್ನು ಕೆಡಿಸುತ್ತಿತ್ತು. ಪಕ್ಕದ ಬಣ್ಣ ಈ ಬಣ್ಣವನ್ನು ತನ್ನ ಎದುರು ದಿಕ್ಕಿಗೆ ತಳ್ಳುತ್ತದೆ. ಕೆಂಪು ಜಮಖಾನದ ಮೇಲಿನ ಹಸಿರು ಇರುವುದಕ್ಕಿಂತ ಹೆಚ್ಚು ಹಸಿರು. ಗಿರಾಕಿ ಮನೆಯಲ್ಲಿ ಜಮಖಾನ ಇಲ್ಲ. ಅದನ್ನು ಮಡಿಸಿ ಒಳಗಿಟ್ಟು ಒಂದು ಬೂದು ಬಣ್ಣದ ಬಟ್ಟೆ ಹಾಸಿದೆವು.

ನನ್ನ ಮೊದಲ ತಪ್ಪು: ಟ್ಯೂಬಿನಡಿ ತೆಗೆದದ್ದು

ಬೆಳಕು ಬೆರಕೆ ಆಗಿರುವುದೇ ರೋಗ ಅಂತ ತೀರ್ಮಾನ ಮಾಡಿ ಶಟರ್ ಅರ್ಧ ಇಳಿಸಿದೆ, ಹಳದಿ ದೀಪ ಆರಿಸಿದೆ, ಬರೀ ಎಲ್‌ಇಡಿ ಟ್ಯೂಬಿನಲ್ಲಿ ಎಲ್ಲ ಸೀರೆ ಮತ್ತೆ ತೆಗೆಸಿದೆ. ಎರಡು ದಿನದ ಕೆಲಸ. ಬಿಳಿ ಬಿಳಿಯಾಗೇ ಬಂತು. ಕೆಂಪು ಮಾತ್ರ ಸತ್ತು ಬಂತು, ತೊಗರಿಗೆ ತಿರುಗಿದ ಹಾಗೆ.

ತಮಾಷೆ ಅಂದರೆ, ಈ ಸಲ ಕ್ಯಾಮರಾ ತಪ್ಪು ಮಾಡಿರಲಿಲ್ಲ. ಟ್ಯೂಬಿನಡಿ ಕಣ್ಣಿಗೂ ಅದು ಹಾಗೇ ಮಂಕಾಗಿತ್ತು, ನಮಗೆ ರೂಢಿ ಆಗಿಹೋಗಿತ್ತು ಅಷ್ಟೇ. ಬೆಳ್ಳಗಿನ ಎಲ್‌ಇಡಿ ಅಂದರೆ ಒಳಗಿರುವುದು 450 ನ್ಯಾನೋಮೀಟರ್ ಹತ್ತಿರದ ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಅಗ್ಗದ ಟ್ಯೂಬಿನಲ್ಲಿ ಗಾಢ ಕೆಂಪು ತುಂಬಾ ಕಡಿಮೆ ಇರುತ್ತದೆ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಸೀರೆ ಎಲ್ಲಿಂದ ತಂದು ಕೊಡಬೇಕು? ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನೋದಕ್ಕೆ ಸಿಆರ್‌ಐ ಅಂತ ಒಂದು ಅಂಕ ಇದೆ. ಡಬ್ಬದ ಮೇಲೆ ಸಿಆರ್‌ಐ 80 ಅಂತ ಹಾಕಿರುತ್ತಾರೆ, ನೋಡಿದರೆ ಒಳ್ಳೇ ಮಾರ್ಕ್ಸ್ ಅನ್ನಿಸುತ್ತದೆ. ಆ ಅಂಕ 8 ಸಪ್ಪೆ ಬಣ್ಣಗಳ ಸರಾಸರಿ. ಕಡುಗೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಅದು ಆರ್9 ಅಂತ ಬೇರೆ ಸಾಲಿನಲ್ಲಿ ಇರುತ್ತದೆ, ಹೆಚ್ಚಿನ ಡಬ್ಬಗಳ ಮೇಲೆ ಅದನ್ನು ಹಾಕುವುದೇ ಇಲ್ಲ. ಇಳಕಲ್ ಸೀರೆಯ ತೋಪು ತೆನೆ ಸೆರಗು ಅಂದರೆ ಕೆಂಪೇ ಕೆಂಪು. ನಾನು ಆ ಅಂಗಡಿಗೆ ಕೆಂಪೇ ಇಲ್ಲದ ಬೆಳಕನ್ನು ಆರಿಸಿ ಕೊಟ್ಟಿದ್ದೆ!

ಬ್ಲೌಸ್ ಪೀಸಿನ ದೂರಿಗೂ ಉತ್ತರ ಇಲ್ಲೇ ಸಿಕ್ಕಿತು. ಸೊಸೆ ಟ್ಯೂಬಿನಡಿ ನಿಂತು ಸೀರೆಗೆ ಪೀಸ್ ಹೊಂದಿಸಿ ಕಳಿಸುತ್ತಿದ್ದರು. ಸೀರೆಯ ನೂಲಿನ ಬಣ್ಣವೇ ಬೇರೆ, ಪಾಲಿಯೆಸ್ಟರ್ ಮಿಶ್ರ ಪೀಸಿಗೆ ಹಾಕಿದ ಬಣ್ಣವೇ ಬೇರೆ. ಒಂದು ಬೆಳಕಿನಲ್ಲಿ ಎರಡೂ ಅವಳಿ ಮಕ್ಕಳ ಹಾಗೆ, ಇನ್ನೊಂದು ಬೆಳಕಿನಲ್ಲಿ ಸಂಬಂಧವೇ ಇಲ್ಲದ ಹಾಗೆ. ಕಣ್ಣಿಗೆ ಇರುವುದು ಮೂರೇ ಬಗೆಯ ಕೋನ್, ಅದು ಬೆಳಕಿನ ಪೂರ್ತಿ ಲೆಕ್ಕ ಇಡುವುದಿಲ್ಲ, ಮೂರು ಮೊತ್ತ ಮಾತ್ರ ಇಡುತ್ತದೆ. ಬೇರೆ ಬೇರೆ ಲೆಕ್ಕಕ್ಕೆ ಒಂದೇ ಮೊತ್ತ ಬರಬಹುದು ಅಲ್ವಾ? ಬೆಳಕು ಬದಲಾದ ಕೂಡಲೇ ಮೊತ್ತ ಬೇರೆಯಾಗುತ್ತದೆ. ಇದಕ್ಕೆ ಮೆಟಮೆರಿಸಂ ಅಂತ ಹೆಸರು. ಹೆಸರು ಗೊತ್ತಿಲ್ಲದಿದ್ದರೂ ನಮ್ಮ ಹೆಣ್ಣುಮಕ್ಕಳಿಗೆಲ್ಲ ಇದು ಗೊತ್ತು. ಯಾವ ಊರಿನ ಮ್ಯಾಚಿಂಗ್ ಸೆಂಟರ್ ಮುಂದೆ ಬೇಕಾದರೂ ನಿಂತು ನೋಡಿ, ಪೀಸ್ ಹಿಡಿದುಕೊಂಡು ರಸ್ತೆಗೆ ಇಳಿದು ಬಿಸಿಲಿಗೆ ಹಿಡಿದು ನೋಡುವವರು ಇದ್ದೇ ಇರುತ್ತಾರೆ.

ಗಾದಿ ಮೇಲಿದ್ದ ಅಜ್ಜಿ ಅವತ್ತು ಮೊದಲ ಸಲ ಬಾಯಿ ಬಿಟ್ಟರು. "ದೀಪದಾಗ ಸೀರಿ ಆರಸಬಾರದಪಾ, ಬಾಗಲಕ ಒಯ್ದು ನೋಡಬೇಕು." ನಾನು ಎರಡು ದಿನ ಟ್ಯೂಬಿನಡಿ ಬೆವರು ಸುರಿಸುವಾಗ ಇದನ್ನೇ ಹೇಳಬಹುದಿತ್ತು. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಎರಡನೇ ತಪ್ಪು: ಬಿಳಿ ಹಾಳೆ

ಸರಿ, ಬಾಗಿಲಿಗೇ ಹೋದೆವು. ಅಂಗಡಿ ಉತ್ತರಕ್ಕೆ ಮುಖ ಮಾಡಿದೆ, ನೇರ ಬಿಸಿಲು ಬೀಳುವುದಿಲ್ಲ, ಫೋಟೋಕ್ಕೆ ಬಂಗಾರದಂಥ ಜಾಗ. ಫೋನಿನ ಊಹೆ ಬೇಡ ಅಂತ ಪ್ರೊ ಮೋಡಿಗೆ ಹಾಕಿ, ಒಂದು ಬಿಳಿ ಎ4 ಹಾಳೆ ಹಿಡಿದು, ಇದೇ ಬಿಳಿ ಅಂತ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿದೆ. ಪ್ರಿಂಟಿಂಗಿನವನಲ್ವಾ, ನನಗೆ ಹಾಳೆ ಅಂದರೆ ಬಿಳಿ.

ಫೋಟೋಗಳೆಲ್ಲ ಲೈಟಾಗಿ ಹಳದಿ ಹೊಡೆದವು. ಸೆರಗಿನ ಬಿಳಿ ಪಟ್ಟಿ ಕೆನೆ ಬಣ್ಣವಾಯಿತು. ಮತ್ತೆ ಲಾಕ್ ಮಾಡಿದರೂ ಅದೇ. ಹಾಳೆ ಬದಲಿಸಿದರೂ ಅದೇ. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಪಂಚೆ ತಂದು ಕೊಟ್ಟರು, ಅದರಲ್ಲಿ ಇನ್ನೂ ಹಳದಿ.

ಬಿಡಿಸಿದ್ದು ಒಂದು ಆಕಸ್ಮಿಕ. ಕೌಂಟರಿನಲ್ಲಿ ಕಳ್ಳನೋಟು ನೋಡುವ ನೇರಳಾತೀತ ದೀಪ ಇತ್ತು. ಯಜಮಾನರು ಯಾರದೋ 500ರ ನೋಟು ಅದರಡಿ ಹಿಡಿದರು. ನೋಟು ಮಂಕಾಗಿ ಕಂಡಿತು, ಅಲ್ಲೇ ಪಕ್ಕ ನಾನಿಟ್ಟಿದ್ದ ಎ4 ಹಾಳೆ ಮಾತ್ರ ನೀಲಿಯಾಗಿ ಝಗ್ ಅಂತ ಉರಿಯಿತು. ಪಂಚೆ ಇಟ್ಟೆವು, ಇನ್ನೂ ಜೋರು. ನನ್ನ ತಲೆಗೆ ಆಗ ಹೊಳೆಯಿತು. ಹಾಳೆಗೂ ಸೋಪಿನ ಪುಡಿಗೂ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಹಾಕಿರುತ್ತಾರೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಅದು ನುಂಗಿ ನೀಲಿ ಬೆಳಕಾಗಿ ಉಗುಳುತ್ತದೆ. ನೋಟಿನ ಕಾಗದಕ್ಕೆ ಅದನ್ನು ಹಾಕುವುದಿಲ್ಲ, ಕಳ್ಳನೋಟು ಹಿಡಿಯುವುದೇ ಹಾಗೆ. ಹಗಲಿನ ಬೆಳಕಿನಲ್ಲಿ ನೇರಳಾತೀತ ಧಾರಾಳ ಇರುತ್ತದೆ. ನನ್ನ ಹಾಳೆ ಬಾಗಿಲಲ್ಲಿ ಬಿಳಿಯಾಗಿ ಇರಲಿಲ್ಲ, ತುಸು ನೀಲಿ ಉಗುಳುತ್ತಾ ಇತ್ತು. ಕ್ಯಾಮರಾ ಪಾಪ ನಾನು ಹೇಳಿದ ಹಾಗೆ ಕೇಳಿ ಎಲ್ಲದರಿಂದ ಅಷ್ಟು ನೀಲಿ ಕಳೆಯಿತು, ಹಳದಿ ಉಳಿಯಿತು. ಟ್ಯೂಬಿನಡಿ ಈ ಗೋಳು ಇರಲಿಲ್ಲ, ಎಲ್‌ಇಡಿಯಲ್ಲಿ ನೇರಳಾತೀತ ಇಲ್ಲದಷ್ಟೇ ಕಡಿಮೆ.

ಇಷ್ಟು ವರ್ಷ ಪ್ರೆಸ್ಸಿನಲ್ಲಿ ಕೆಲಸ ಮಾಡಿದವನಿಗೆ ಹಾಳೆಯ ಬಿಳಿಯನ್ನು ನೋಟಿನ ದೀಪ ಕಲಿಸಬೇಕಾಯಿತು. ಮಾರನೇ ದಿನ ಫೋಟೋದವರು ಬಳಸುವ 18 ಪರ್ಸೆಂಟ್ ಬೂದು ಕಾರ್ಡ್ ತರಿಸಿದೆ. ಒಂದು ಸಣ್ಣ ರಟ್ಟು, ಅಷ್ಟೇ. ಸೀರೆಯ ಪಕ್ಕ ಅದನ್ನಿಟ್ಟು ಲಾಕ್ ಮಾಡಿ ತೆಗೆದ ಮೊದಲ ಫೋಟೋ ನೋಡಿ ಸೊಸೆ ಏನೂ ಹೇಳಲಿಲ್ಲ, ಫೋನನ್ನು ಅತ್ತೆಗೆ ಕೊಟ್ಟರು. ಅತ್ತೆ ಒಂದು ಸಲ ಫೋಟೋ, ಒಂದು ಸಲ ಸೀರೆ ನೋಡಿ "ಹ್ಞೂ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ದಾಳಿಂಬೆ ಕೆಂಪು ಇನ್ನೂ ಕಿತ್ತಳೆಗೆ ಜಾರುತ್ತಿತ್ತು, ಅದಕ್ಕೆ ಕಾರಣ ಬೇರೆ. ಫೋಟೋದ ಪ್ರತಿ ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿಗೆ 0ಯಿಂದ 255ರ ತನಕ ಜಾಗ. ಗಾಢ ಕೆಂಪು ಬಟ್ಟೆಯಲ್ಲಿ ಕೆಂಪಿನ ಪಾತ್ರೆ ಬೇಗ ತುಂಬಿ 255ಕ್ಕೆ ನಿಲ್ಲುತ್ತದೆ. ಬೆಳಕು ಇನ್ನೂ ಜಾಸ್ತಿ ಕೊಟ್ಟರೆ ಕೆಂಪು ಏರುವುದಿಲ್ಲ, ಹಸಿರು ಏರುತ್ತಾ ಹೋಗುತ್ತದೆ. ಕೆಂಪಿಗೆ ಹಸಿರು ಸೇರಿದರೆ ಕಿತ್ತಳೆ. ನೇಯ್ಗೆಯ ಎಳೆಯೂ ಕಾಣದೆ ಬಣ್ಣ ಬಳಿದ ಹಾಗಾಗುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿದೆವು, ಮುಗಿಯಿತು. ಫೋಟೋ ಕತ್ತಲೆ ಅನ್ನಿಸುತ್ತದೆ ಅಂತ ಯಜಮಾನರಿಗೆ ಇವತ್ತಿಗೂ ಅಸಮಾಧಾನ ಇದೆ. ಕೆಂಪು ಸೀರೆ ವಾಪಸ್ ಬರುವುದು ಮಾತ್ರ ನಿಂತಿದೆ.

ಹಗಲಿನ ಬೆಳಕು ಕೈಗೆ ಸಿಗುವುದು ದಿನಕ್ಕೆ ನಾಲ್ಕೈದು ಗಂಟೆ, ಮಳೆಗಾಲದಲ್ಲಿ ಅದೂ ಇಲ್ಲ. ಒಂದು ಸಂಜೆ ಕರೆಂಟ್ ಹೋದಾಗ ಅವಸರಕ್ಕೆ ತೆಗೆದ ಫೋಟೋ ಒಂದಿದೆ. ಮಬ್ಬುಗತ್ತಲಲ್ಲಿ ಕಣ್ಣಿಗೆ ಕೆಂಪು ಸೆರಗು ಕರ್ರಗೆ ಕಾಣುತ್ತಿತ್ತು, ಹಸಿರು ಒಡಲೇ ಬೆಳ್ಳಗೆ ಕಾಣುತ್ತಿತ್ತು. ಬೆಳಕು ಕುಂದಿದಾಗ ಕೋನ್‌ಗಳು ಕೈಬಿಟ್ಟು ರಾಡ್ ಕೋಶಗಳು ಕೆಲಸಕ್ಕೆ ಬರುತ್ತವೆ, ಅವಕ್ಕೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ ಇದನ್ನು ಹೂಗಳಲ್ಲಿ ಗಮನಿಸಿ 200 ವರ್ಷ ಆಯಿತು. ಅದೇ ಹೊತ್ತಿಗೆ ಫೋನಿನ ನೈಟ್ ಮೋಡ್ ಸೆರಗನ್ನು ಬೆಂಕಿ ಕೆಂಪಾಗಿ ತೋರಿಸಿತು. ನಮಗೆ ಕಾಣದ ಕೆಂಪು ಅದಕ್ಕೆ ಕಂಡಿತ್ತು. ಕ್ಯಾಮರಾ ಯಾವಾಗಲೂ ಕಣ್ಣಿಗಿಂತ ಕಡಿಮೆ ಅಂತ ಏನಿಲ್ಲ, ಅದು ಬೇರೆ ಥರದ ಪ್ರಾಣಿ. ಕೊನೆಗೆ ಸಿಆರ್‌ಐ 95ಕ್ಕಿಂತ ಜಾಸ್ತಿ ಇರುವ, ಆರ್9 ಎಷ್ಟು ಅಂತ ಡಬ್ಬದ ಮೇಲೆ ಬರೆದಿರುವ ಎರಡು ಎಲ್‌ಇಡಿ ಪ್ಯಾನೆಲ್ ಕೊಂಡೆವು. ದುಬಾರಿ ಫೋನಿನ ದುಡ್ಡಿನಲ್ಲಿ ಅಂಥವು ಹತ್ತು ಬರುತ್ತಿದ್ದವು.

ನೇರಳೆಯ ಹಟ

ಇಷ್ಟೆಲ್ಲ ಆದ ಮೇಲೂ ನೇರಳೆ ನೀಲಿಯಾಗೇ ಬಂತು. ಪ್ಯಾನೆಲ್ ಕೆಳಗೆ, ಬಾಗಿಲಲ್ಲಿ, ಬೂದು ಕಾರ್ಡಿನ ಜೊತೆಗೆ, ಕಾರ್ಡಿಲ್ಲದೆ, ಹೇಗೆ ತೆಗೆದರೂ ನೀಲಿ. ಕಣ್ಣಿಗೆ ಮಾತ್ರ ಎಲ್ಲ ಕಡೆ ನೇರಳೆ.

ನನ್ನ ಮೊದಲ ದಿನದ "ಫೋನು" ಅನ್ನೋ ಉತ್ತರ ಪೂರ್ತಿ ಸರಿಯಾಗುವುದು ಈ ಒಂದು ಸೀರೆಗೆ ಮಾತ್ರ. ಹೆಚ್ಚಿನ ಕ್ಯಾಮರಾಗಳ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಜಾಳಿಗೆ ಇರುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು, ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಕಣ್ಣಿನ ಕೋನ್‌ಗಳೂ ಮೂರೇ. ಮೂರಕ್ಕೆ ಮೂರು ಸರಿಹೋಯಿತು ಅಂದುಕೊಂಡರೆ ಕೆಟ್ಟೆವು. ಕೋನ್‌ಗಳು ಬೆಳಕನ್ನು ಹಂಚಿಕೊಳ್ಳುವ ರೀತಿ ಬೇರೆ, ಫಿಲ್ಟರುಗಳು ಹಂಚಿಕೊಳ್ಳುವ ರೀತಿ ಬೇರೆ. ಅದರ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಒಳಗೆ ಬರದಿರಲಿ ಅಂತ ಇಟ್ಟ ಗಾಜು ಗಾಢ ಕೆಂಪಿನ ಕೊನೆಯ ಭಾಗವನ್ನೂ ಕತ್ತರಿಸುತ್ತದೆ. ಈ ಸೀರೆಯ ನೇರಳೆ ಅಂದರೆ ಬೇಕಾದಷ್ಟು ನೀಲಿ, ಜೊತೆಗೆ ಆ ಕೊನೆಯ ಕೆಂಪು. ಕೆಂಪು ಕತ್ತರಿಸಿದರೆ ಉಳಿಯುವುದು ನೀಲಿ. ಇದು ಬೆಳಕಿನ ಸಮಸ್ಯೆ ಅಲ್ಲ, ಹಾಗಾಗಿ ವೈಟ್ ಬ್ಯಾಲೆನ್ಸಿನಿಂದ ರಿಪೇರಿ ಆಗುವುದಿಲ್ಲ. ಮಾಡಲು ಹೋದರೆ ಬಿಳಿ ಪಟ್ಟಿ ಗುಲಾಬಿ ಆಗುತ್ತದೆ. ಮಾಡಿ ನೋಡಿದ್ದೇನೆ.

ನೇರಳೆಯನ್ನಷ್ಟೇ ಆರಿಸಿ ಎಡಿಟಿಂಗಿನಲ್ಲಿ ತಿರುಗಿಸಿದೆವು. ಸೊಸೆಯ ಫೋನಿನಲ್ಲಿ ಭೇಷಾಗಿ ಬಂತು. ಯಜಮಾನರ ಫೋನಿನಲ್ಲಿ ಬದನೆಕಾಯಿ. ಅವರ ತೆರೆ ಬಣ್ಣ ಏರಿಸಿ ತೋರಿಸುವ ವಿವಿಡ್ ಮೋಡಿನಲ್ಲಿತ್ತು. ಬೆಂಗಳೂರಿನ ಒಬ್ಬ ಹಳೇ ಗಿರಾಕಿಗೆ ಕಳಿಸಿದೆವು, ರಾತ್ರಿ ಹತ್ತಕ್ಕೆ ನೋಡಿ "ಇದು ಕಂದು ಅಲ್ವಾ?" ಅಂತ ಕೇಳಿದರು. ಕಣ್ಣಿಗೆ ಹಿತ ಅಂತ ರಾತ್ರಿ ತಾನೇ ಹಳದಿಯಾಗುವ ಸೆಟ್ಟಿಂಗ್ ಅವರ ಫೋನಿನಲ್ಲಿ ಆನ್ ಇತ್ತು. ಅದೇ ಮನೆಯ ಅಕ್ಕ ತಂಗಿ ಒಂದೇ ಫೋನಿನಲ್ಲಿ ಒಂದೇ ಫೋಟೋ ನೋಡಿ ಒಬ್ಬರು ನೀಲಿ, ಒಬ್ಬರು ನೇರಳೆ ಅಂತ ಜಗಳ ಆಡಿದರಂತೆ. 2015ರ ಫೆಬ್ರವರಿಯಲ್ಲಿ ಒಂದು ಡ್ರೆಸ್ಸಿನ ಫೋಟೋ ನೋಡಿ ಜಗತ್ತೇ ನೀಲಿ ಕಪ್ಪು, ಬಿಳಿ ಚಿನ್ನ ಅಂತ ಎರಡು ಪಾಳಯ ಆಗಿತ್ತಲ್ಲ, ಡ್ರೆಸ್ಸು ನಿಜವಾಗಿ ನೀಲಿ ಕಪ್ಪು. ಫೋಟೋದೊಳಗಿನ ಬೆಳಕು ಎಂಥದ್ದು ಅಂತ ಗೊತ್ತಾಗದಿದ್ದರೆ ಒಬ್ಬೊಬ್ಬರ ಮಿದುಳು ಒಂದೊಂದು ಊಹೆ ಮಾಡುತ್ತದೆ.

ರಾಮಾ ಹಸಿರಿನ ಕತೆಯೂ ತೆರೆಯದೇ. ಸಾಮಾನ್ಯ ಫೋಟೋಗಳು ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಬೇಲಿಯೊಳಗೆ ಇರುತ್ತವೆ. ನವಿಲುಗರಿಯ ಹಸಿರು ನೀಲಿ ಕಡೆ ಆ ಬೇಲಿ ತೀರಾ ಒಳಕ್ಕೆ ಸರಿದಿದೆ. ಸೀರೆಯ ಬಣ್ಣ ಬೇಲಿಯ ಆಚೆ ಇತ್ತು, ಫೋಟೋದಲ್ಲಿ ಅದನ್ನು ಎಳೆದು ತಂದು ಹತ್ತಿರದ ಇನ್ಯಾವುದೋ ಬಣ್ಣದ ಮೇಲೆ ಕೂರಿಸಲಾಗಿತ್ತು.

ಈ ಘಟ್ಟದಲ್ಲಿ ನಾನು ಸೋತೆ ಅಂತ ಒಪ್ಪಿಕೊಂಡೆ, ಆಮೇಲೆ ಕೆಲಸ ಸರಾಗ ಆಯಿತು. ಅಲ್ಲಿವರೆಗೆ ನಾನು ಹುಡುಕುತ್ತಿದ್ದದ್ದು ಸೀರೆಯ ನಿಜವಾದ ಬಣ್ಣ. ಯಜಮಾನರ ಪ್ರಶ್ನೆಯನ್ನೇ ಈಗ ತಿರುಗಿಸಿ ಅವರಿಗೆ ಕೇಳಿದೆ: ಗಿರಾಕಿ ಈ ಸೀರೆ ಉಡುವುದು ಎಲ್ಲಿ? ಹಗಲು ಗುಡಿಗೋ, ರಾತ್ರಿ ಕಲ್ಯಾಣ ಮಂಟಪಕ್ಕೋ? ನೀವು ಯಾವ ಬೆಳಕಿನ ಬಣ್ಣಕ್ಕೆ ಮಾತು ಕೊಡುತ್ತೀರಿ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಎರಡಕ್ಕೂ ಕೊಡೋಣ ಬಿಡ್ರಿ" ಅಂದರು.

ಈಗ ಪ್ರತಿ ಸೀರೆಗೂ ಎರಡು ಫೋಟೋ ಹೋಗುತ್ತವೆ. ಒಂದು ಬಾಗಿಲ ಬೆಳಕಿನದು ಅಥವಾ ಪ್ಯಾನೆಲ್ಲಿನದು. ಇನ್ನೊಂದನ್ನು ರಾತ್ರಿ ಹಳದಿ ದೀಪದಡಿ ಬೇಕಂತಲೇ ತೆಗೆಯುತ್ತಾರೆ, ಹಗಲಿಗೆ ಲಾಕ್ ಮಾಡಿಟ್ಟ ಫೋನಿನಲ್ಲೇ, ಬೆಚ್ಚಗೆ ಕಂಡರೆ ಕಾಣಲಿ ಅಂತ. ಕೆಳಗೆ ಬಣ್ಣದ ಹೆಸರು ಬಾಯಿಮಾತಿನಲ್ಲಿ: "ಮಾಗಿದ ನೇರಳೆ ಹಣ್ಣು, ಫೋಟೋದಾಗ ನೀಲಿ ಕಾಣ್ತದ, ನೀಲಿ ಅಲ್ಲ." ತೆರೆಯ ರಾತ್ರಿ ಸೆಟ್ಟಿಂಗ್ ಆಫ್ ಮಾಡಿ ನೋಡಿ ಅಂತ ಒಂದು ಸಾಲು. ಬ್ಲೌಸ್ ಪೀಸನ್ನು ಬಾಗಿಲಲ್ಲೂ ಟ್ಯೂಬಿನಡಿಯೂ ಎರಡು ಕಡೆ ನೋಡಿಯೇ ಹೊಂದಿಸುತ್ತಾರೆ. ದುಬಾರಿ ಸೀರೆಗಳಿಗೆ ಅಜ್ಜಿ ಹೇಳಿದ ಉಪಾಯ. ಮಗ್ಗದ ಹತ್ತಿರ ಉಳಿದ ತುಂಡು ನೂಲು ಇರುತ್ತದಲ್ಲ, ಅದರ ಗೇಣುದ್ದದ ನಾಲ್ಕು ಎಳೆಯನ್ನು ಒಂದು ಚೀಟಿಗೆ ಅಂಟಿಸಿ ಮೊದಲೇ ಅಂಚೆಗೆ ಹಾಕುತ್ತಾರೆ. ಗಿರಾಕಿ ಅದನ್ನು ತಮ್ಮದೇ ಮನೆಯ ಬೆಳಕಿನಲ್ಲಿ ನೋಡಿ ಹ್ಞೂ ಅಂದ ಮೇಲೆ ಸೀರೆ ಹೊರಡುತ್ತದೆ. ಎರಡು ದಿನ ತಡ ಆಗುತ್ತದೆ, ಹಬ್ಬದ ಮುಂಚೆ ಕೆಲವರು ಇದಕ್ಕೇ ಬೇಸತ್ತು ಬೇರೆ ಅಂಗಡಿಗೆ ಹೋದದ್ದೂ ಉಂಟು.

ಮುಂದಿನ ದೀಪಾವಳಿಗೆ ಬಣ್ಣದ ಕಾರಣಕ್ಕೆ ವಾಪಸ್ ಬಂದದ್ದು ಎರಡು. ಒಬ್ಬರು ಎಳೆ ತರಿಸದೆ ಅವಸರ ಮಾಡಿದ್ದರು. ಇನ್ನೊಂದು ನೇರಳೆಯದು. ಆ ಗಿರಾಕಿಯ ಮಾತನ್ನು ಸೊಸೆ ನೋಟ್‌ಬುಕ್ಕಿನಲ್ಲಿ ಎಂದಿನ ಹಾಗೆ ಬರೆದಿದ್ದಾರೆ: "ನೀವು ನೇರಳೆ ಅಂತ ಬರೆದದ್ದು ಓದಿದ್ದೆ. ಆದ್ರೆ ನನಗೆ ಫೋಟೋದ ನೀಲಿನೇ ಇಷ್ಟ ಆಗಿತ್ತು."